ಬಟ್ಟಲು ತುಂಬಾ ಕಾಳಿದೆ, ಹಕ್ಕಿ ಯಾಕೆ ಸೊರಗುತ್ತಿದೆ?

ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ಬಡ್ಜಿಗಳ ಬಗ್ಗೆ. ಅಂಗಡಿಗಳಲ್ಲಿ ಲವ್ ಬರ್ಡ್ಸ್ ಅಂತ ಮಾರುವ ಹಸಿರು, ನೀಲಿ, ಹಳದಿ ಬಣ್ಣದ ಆ ಪುಟ್ಟ ಗಿಳಿಗಳೇ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಮೂರೂ ಜಿಲ್ಲೆಗಳಿಂದ ಬರೆದಿದ್ದೀರಿ. ತೊಂದರೆಗಳು ಬೇರೆ ಬೇರೆ ಅನ್ನಿಸಿದರೂ ಓದುತ್ತಾ ಹೋದರೆ ಬಹಳಷ್ಟರ ಬೇರು ಒಂದೇ ಕಡೆ ಇದೆ. ಹಕ್ಕಿಗೆ ಮನೆಗೆ ಬಂದ ದಿನದಿಂದ ಬರೀ ಕಾಳು. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ.

ಡಾಕ್ಟ್ರೇ, ನಮ್ಮದು ಎರಡು ವರ್ಷದ ಗಂಡು ಬಡ್ಜಿ. ನವಣೆ ಬಿಟ್ಟು ಬೇರೇನೂ ಮುಟ್ಟುವುದಿಲ್ಲ. ಈಚೆಗೆ ಪದೇ ಪದೇ ಸೀನುತ್ತದೆ, ಮೂಗಿನ ಮೇಲಿನ ಪುಕ್ಕ ಒದ್ದೆಯಾಗಿರುತ್ತದೆ, ಒಂದು ಕಣ್ಣಿನ ಸುತ್ತ ಊತ ಇದೆ. ಅಂಗಡಿಯವರು ಶೀತ ಅಂತ ಹೇಳಿ ನೀರಿಗೆ ಹಾಕುವ ಪುಡಿ ಕೊಟ್ಟರು. ನಾಲ್ಕು ದಿನ ಕಡಿಮೆಯಾಗಿ ಮತ್ತೆ ಶುರುವಾಯಿತು. ಏನು ಮಾಡಲಿ?
— ಓದುಗರು, ಶಿರಾ ಗೇಟ್, ತುಮಕೂರು

ನೀವು ಬರೆದಿರುವ ಲಕ್ಷಣ ನೋಡಿದರೆ ನನಗೆ ಮೊದಲು ಬರುವ ಅನುಮಾನ ವಿಟಮಿನ್ ಎ ಕೊರತೆ. ಬರೀ ಕಾಳು ತಿನ್ನುವ ಬಡ್ಜಿಗಳಲ್ಲಿ ಇದು ತುಂಬಾ ಸಾಮಾನ್ಯ. ಬಾಯಿ, ಮೂಗು, ಶ್ವಾಸನಾಳ, ಮೂತ್ರಪಿಂಡ, ಇವುಗಳ ಒಳಪದರ ಮೆತ್ತಗೆ, ತೇವವಾಗಿ ಇರಬೇಕಾದರೆ ವಿಟಮಿನ್ ಎ ಬೇಕು. ಅದು ಸಿಗದಿದ್ದಾಗ ಆ ಪದರ ದಪ್ಪಗಾಗಿ ಒರಟಾಗುತ್ತದೆ, ಕೊಳೆ ಕೊಚ್ಚಿಕೊಂಡು ಹೋಗುವ ಲೋಳೆ ಬತ್ತುತ್ತದೆ, ರೋಗಾಣುಗಳಿಗೆ ಜಾಗ ಸಿಗುತ್ತದೆ. ಪುಡಿಯಲ್ಲಿ ಆಂಟಿಬಯೋಟಿಕ್ ಇದ್ದರೆ ಅದು ರೋಗಾಣುವನ್ನು ಸ್ವಲ್ಪ ದಿನ ತಗ್ಗಿಸುತ್ತದೆ, ಅಷ್ಟೇ. ಪದರ ಸರಿಯಾಗಿಲ್ಲವಲ್ಲ, ಹಾಗಾಗಿ ಶೀತ ಮತ್ತೆ ಬರುತ್ತದೆ.

ವೈದ್ಯರು ಟಾರ್ಚ್ ಬಿಟ್ಟು ಬಾಯಿ ನೋಡುತ್ತಾರೆ. ನಾಲಿಗೆಯ ಸುತ್ತ ಬಿಳಿ ಅಥವಾ ಹಳದಿ ಗಡ್ಡೆಯಂಥ ಕಲೆಗಳಿದ್ದರೆ, ಮೇಲಿನ ಅಂಗುಳಿನ ಸೀಳಿನ ಅಂಚಿನಲ್ಲಿರುವ ಸಣ್ಣ ಮುಳ್ಳುಗಳು ಸವೆದು ಹೋಗಿದ್ದರೆ ಕೊರತೆ ಅಂತ ಹೆಚ್ಚುಕಡಿಮೆ ಗೊತ್ತಾಗುತ್ತದೆ. ಮನೆಯಲ್ಲಿ ನೀವೇ ಕೊಕ್ಕು ಬಿಡಿಸಿ ನೋಡಲು ಹೋಗಬೇಡಿ. ಜೋರಾಗಿದ್ದರೆ ವಿಟಮಿನ್ ಎ ಇಂಜೆಕ್ಷನ್ ಕೊಡುತ್ತಾರೆ, ಸೋಂಕು ಇದ್ದರೆ ಅದಕ್ಕೆ ಬೇರೆ ಔಷಧಿ. ಆದರೆ ಸೀನುವ ಹಕ್ಕಿಗೆಲ್ಲ ವಿಟಮಿನ್ ಕೊರತೆ ಅಂತಲ್ಲ. ಸೊಳ್ಳೆ ಬತ್ತಿ, ಊದುಬತ್ತಿ, ಸಾಂಬ್ರಾಣಿ ಹೊಗೆಯೂ ಕಾರಣ ಆಗಬಹುದು. ಕ್ಲಮೈಡಿಯಾ ಅನ್ನುವ ಸೋಂಕೂ ಇರಬಹುದು, ಅದು ಒಣಗಿದ ಹಿಕ್ಕೆಯ ದೂಳಿನಿಂದ ಮನುಷ್ಯರಿಗೂ ಬರುತ್ತದೆ. ಆದ್ದರಿಂದ ಪಂಜರ ಗುಡಿಸುವ ಮೊದಲು ನೀರು ಚಿಮುಕಿಸಿ, ಆಮೇಲೆ ಕೈ ತೊಳೆಯಿರಿ. ಮಕ್ಕಳು ಹಕ್ಕಿಗೆ ಮುತ್ತು ಕೊಡುವುದು ಸದ್ಯಕ್ಕೆ ಬೇಡ.

ಇನ್ನು ನವಣೆ ವಿಷಯ. ನವಣೆ, ಸಜ್ಜೆ, ಬರಗು ಎಲ್ಲವೂ ಒಳ್ಳೆಯ ಧಾನ್ಯಗಳೇ. ಆದರೆ ಅವುಗಳಲ್ಲಿ ವಿಟಮಿನ್ ಎ ಇಲ್ಲ ಅಂದರೂ ಆದೀತು, ಅಯೋಡಿನ್ ತೀರಾ ಕಡಿಮೆ, ಕ್ಯಾಲ್ಸಿಯಂಗಿಂತ ರಂಜಕವೇ ಎಷ್ಟೋ ಪಟ್ಟು ಜಾಸ್ತಿ. ದಿನವೂ ಬರೀ ಮುದ್ದೆ ಉಂಡು ಸೊಪ್ಪಿನ ಸಾರು ಮುಟ್ಟದೇ ಇದ್ದರೆ ಹೇಗೋ ಹಾಗೆ. ಹೊಟ್ಟೆ ತುಂಬುತ್ತದೆ, ಮೈಗೆ ಬೇಕಾದ್ದು ಸಿಗುವುದಿಲ್ಲ. ಈ ಹಕ್ಕಿಯ ತವರು ಆಸ್ಟ್ರೇಲಿಯಾದ ಒಣ ಬಯಲು. ಅಲ್ಲಿ ಅದು ಹಲವು ಬಗೆಯ ಹುಲ್ಲಿನ ಬೀಜಗಳನ್ನು, ಬಲಿತದ್ದನ್ನೂ ಇನ್ನೂ ಹಸಿಯಾಗಿರುವುದನ್ನೂ, ಹುಡುಕಿಕೊಂಡು ತಿನ್ನುತ್ತದೆ, ದೂರ ದೂರ ಹಾರುತ್ತದೆ. ಪಂಜರದಲ್ಲಿ ಒಂದೇ ಒಣಕಾಳು, ಹಾರಾಟವೂ ಇಲ್ಲ.

ನಿಮ್ಮ ಹಕ್ಕಿಗೆ ಬೇಕಾದದ್ದು ಕಡುಹಸಿರು ಸೊಪ್ಪು ಮತ್ತು ಕಿತ್ತಳೆ ಬಣ್ಣದ ತರಕಾರಿ. ಕ್ಯಾರೆಟ್ ತುರಿ, ಸಿಹಿಕುಂಬಳ, ನುಗ್ಗೆಸೊಪ್ಪು, ಕೊತ್ತಂಬರಿ, ಮೆಂತ್ಯ. ಸಿಹಿಗೆಣಸು ಕೊಡುವುದಾದರೆ ಒಳಗೆ ಕಿತ್ತಳೆ ಬಣ್ಣ ಇರುವುದನ್ನೇ ಬೇಯಿಸಿ ಕೊಡಿ, ನಮ್ಮ ಸಂತೆಯಲ್ಲಿ ಹೆಚ್ಚಾಗಿ ಸಿಗುವ ಬಿಳಿ ತಿರುಳಿನ ಗೆಣಸಿನಲ್ಲಿ ವಿಟಮಿನ್ ಎ ಕೊಡುವ ಅಂಶ ಇಲ್ಲ. ಸೌತೆಕಾಯಿ, ಕಲ್ಲಂಗಡಿ ಕೊಡುತ್ತಿದ್ದೇವೆ ಅಂತ ಕೆಲವರು ಸಮಾಧಾನ ಪಡುತ್ತಾರೆ. ಬೇಸಿಗೆಗೆ ಪರವಾಗಿಲ್ಲ, ಆದರೆ ಅದು ಬಹುಪಾಲು ನೀರು.

ಮೇಡಂ, ಮೆಡಿಕಲ್ ಸ್ಟೋರ್‌ನಲ್ಲಿ ಸಿಗುವ ಮಲ್ಟಿವಿಟಮಿನ್ ಡ್ರಾಪ್ಸ್ ನೀರಿಗೆ ಹಾಕಿದರೆ ಸಾಕಲ್ಲವೇ? ಸೊಪ್ಪು ತೊಳೆದು ಕಟ್ಟುವ ರಗಳೆ ತಪ್ಪುತ್ತದೆ.
— ಮಾಲೂರಿನ ಓದುಗರು

ಸಾಕಾಗುವುದಿಲ್ಲ. ಬಡ್ಜಿ ದಿನಕ್ಕೆ ಕುಡಿಯುವ ನೀರೇ ಒಂದು ಚಿಕ್ಕ ಚಮಚದಷ್ಟು. ಅದರಲ್ಲಿ ಎಷ್ಟು ಔಷಧಿ ಹೊಟ್ಟೆಗೆ ಹೋಯಿತು ಅಂತ ಯಾರಿಗೂ ಲೆಕ್ಕ ಸಿಗುವುದಿಲ್ಲ. ಬೆಳಕಿಗೆ ವಿಟಮಿನ್ ಬೇಗ ಹಾಳಾಗುತ್ತದೆ, ಸಿಹಿ ಇರುವುದರಿಂದ ನೀರಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆ, ರುಚಿ ಬದಲಾಯಿತು ಅಂತ ಎಷ್ಟೋ ಹಕ್ಕಿಗಳು ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತವೆ. ಇನ್ನೊಂದು ಅಪಾಯ ಇದೆ. ವಿಟಮಿನ್ ಎ ಮತ್ತು ಡಿ ಕೊಬ್ಬಿನಲ್ಲಿ ಕರಗುವಂಥವು, ಜಾಸ್ತಿಯಾದದ್ದು ಮೂತ್ರದಲ್ಲಿ ಹೊರಗೆ ಹೋಗದೆ ಮೈಯಲ್ಲೇ ಉಳಿಯುತ್ತದೆ. 30-40 ಗ್ರಾಂ ತೂಗುವ ಜೀವಕ್ಕೆ ಮಗುವಿನ ಡ್ರಾಪ್ಸ್ ಅಂದರೆ ಎಷ್ಟಾಯಿತು ನೀವೇ ಯೋಚಿಸಿ. ಸೊಪ್ಪು, ಕ್ಯಾರೆಟ್‌ನಲ್ಲಿ ಆ ಭಯ ಇಲ್ಲ, ಅವುಗಳಲ್ಲಿರುವ ಕ್ಯಾರೊಟಿನ್ ಅನ್ನು ಹಕ್ಕಿಯ ಮೈ ತನಗೆ ಬೇಕಾದಷ್ಟೇ ವಿಟಮಿನ್ ಎ ಆಗಿ ಬದಲಾಯಿಸಿಕೊಳ್ಳುತ್ತದೆ. ವೈದ್ಯರು ಹಕ್ಕಿಯನ್ನು ತೂಗಿ, ಇಷ್ಟು ದಿನ ಅಂತ ಬರೆದುಕೊಟ್ಟರೆ ಮಾತ್ರ ಡ್ರಾಪ್ಸ್ ಹಾಕಿ.

ನೀರಿನ ವಿಷಯ ಬಂತಲ್ಲ, ನಿಮ್ಮ ಕಡೆ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಕಾಟ ಇದೆ. ಶುದ್ಧ ನೀರಿನ ಘಟಕದಿಂದ ನೀವು ಕುಡಿಯಲು ತರುವ ನೀರನ್ನೇ ಹಕ್ಕಿಗೂ ಇಡಿ.

ಡಾಕ್ಟ್ರೇ, ನಮ್ಮ ಬಡ್ಜಿ ಉಸಿರಾಡುವಾಗ ಕೀಚ್ ಕೀಚ್ ಅಂತ ಸದ್ದು ಬರುತ್ತದೆ. ಬಾಲ ಮೇಲೆ ಕೆಳಗೆ ಆಡುತ್ತದೆ. ತಿಂದ ಕಾಳನ್ನು ಆಗಾಗ ಕಕ್ಕುತ್ತದೆ. ಮೊದಲು ಹಾಡುತ್ತಿದೆ ಅಂದುಕೊಂಡಿದ್ದೆವು. ಅಯೋಡಿನ್ ಕಡಿಮೆ ಅಂತ ಯಾರೋ ಹೇಳಿದರು. ನೀರಿಗೆ ಅಡುಗೆ ಉಪ್ಪು ಹಾಕಬಹುದೇ?
— ಓದುಗರು, ಚಿಂತಾಮಣಿ

ಉಪ್ಪು ಬೇಡವೇ ಬೇಡ. ಇಷ್ಟು ಚಿಕ್ಕ ಹಕ್ಕಿಗೆ ಉಪ್ಪು ವಿಷ.

ನಿಮಗೆ ಹೇಳಿದವರ ಊಹೆ ಮಾತ್ರ ಸರಿ ಇರಬಹುದು. ಅಯೋಡಿನ್ ಸಿಗದಿದ್ದಾಗ ಥೈರಾಯ್ಡ್ ಗ್ರಂಥಿ ದಪ್ಪಗಾಗುತ್ತದೆ. ಮನುಷ್ಯರಲ್ಲಾದರೆ ಕುತ್ತಿಗೆಯಲ್ಲಿ ಗಳಗಂಡ ಕಣ್ಣಿಗೆ ಕಾಣುತ್ತದೆ. ಹಕ್ಕಿಯಲ್ಲಿ ಈ ಗ್ರಂಥಿ ಇರುವುದು ಎದೆಗೂಡಿನ ಬಾಯಲ್ಲಿ, ಒಳಗಡೆ. ಹಾಗಾಗಿ ಹೊರಗೆ ಏನೂ ಕಾಣುವುದಿಲ್ಲ, ಆದರೆ ಒಳಗೆ ಅದು ಶ್ವಾಸನಾಳವನ್ನೂ ಅನ್ನನಾಳವನ್ನೂ ಒತ್ತುತ್ತದೆ. ಉಸಿರಿಗೆ ಸದ್ದು ಬರುವುದು, ಕಾಳು ಕೆಳಗಿಳಿಯದೆ ವಾಪಸ್ ಬರುವುದು ಅದಕ್ಕೇ. ಗಿಳಿ ಜಾತಿಯಲ್ಲಿ ಈ ರೋಗಕ್ಕೆ ಹೆಸರಾದದ್ದೇ ಬಡ್ಜಿ.

ಇದನ್ನು ನಾಳೆ ನೋಡೋಣ ಅಂತ ಬಿಡಬೇಡಿ. ಉಸಿರಿಗೆ ಬಾಲ ಆಡುತ್ತಿದೆ ಅಂದರೆ ಹಕ್ಕಿ ಕಷ್ಟಪಟ್ಟು ಉಸಿರಾಡುತ್ತಿದೆ. ಸೋಂಕು, ಗಡ್ಡೆ ಇದ್ದರೂ ಇದೇ ಲಕ್ಷಣ ಬರಬಹುದು, ನೋಡಿಯೇ ಹೇಳಬೇಕು. ಜಿಲ್ಲಾ ಪಶು ಆಸ್ಪತ್ರೆಗೆ ಫೋನ್ ಮಾಡಿ ಹಕ್ಕಿಗಳನ್ನು ನೋಡುವ ವೈದ್ಯರು ಯಾವಾಗ ಇರುತ್ತಾರೆ ಕೇಳಿ. ಇಲ್ಲವಾದರೆ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿಗೆ ಹೋಗಿ. ಅಯೋಡಿನ್ ಕೊರತೆಯೇ ಆಗಿದ್ದರೆ ಔಷಧಿಯ ಅಯೋಡಿನ್ ದ್ರಾವಣವನ್ನು ತುಂಬಾ ತೆಳುವಾಗಿ ನೀರಿಗೆ ಬೆರೆಸಲು ಬರೆದುಕೊಡುತ್ತಾರೆ, ಸಮಯಕ್ಕೆ ಶುರು ಮಾಡಿದ ಹಕ್ಕಿಗಳು ಚೆನ್ನಾಗಿ ಚೇತರಿಸಿಕೊಳ್ಳುತ್ತವೆ. ಗಾಯಕ್ಕೆ ಹಚ್ಚುವ ಅಯೋಡಿನ್ ಅದಲ್ಲ, ಅದನ್ನು ಹಾಕಬೇಡಿ.

ಹಿಡಿಯುವಾಗ ಒಂದು ಎಚ್ಚರಿಕೆ. ಹಕ್ಕಿಗೆ ನಮ್ಮ ಹಾಗೆ ವಪೆ, ಅಂದರೆ ಎದೆ ಮತ್ತು ಹೊಟ್ಟೆಯ ನಡುವೆ ಉಸಿರಾಟ ನಡೆಸುವ ಸ್ನಾಯುವಿನ ಪರದೆ, ಇಲ್ಲ, ಎದೆಮೂಳೆ ಹಿಂದೆ ಮುಂದೆ ಆಡಿದರೆ ಮಾತ್ರ ಅದಕ್ಕೆ ಉಸಿರು. ಎದೆ ಮೇಲೆ ಬೆರಳು ಒತ್ತಿ ಹಿಡಿದರೆ ಕೈಯಲ್ಲೇ ಉಸಿರು ಕಟ್ಟುತ್ತದೆ. ಆದಷ್ಟು ಹಿಡಿಯದೆ, ಚಿಕ್ಕ ಪಂಜರದಲ್ಲೇ, ಮೂರು ಕಡೆ ಬಟ್ಟೆ ಮುಚ್ಚಿ ಕರೆದುಕೊಂಡು ಹೋಗಿ. ಬಸ್ಸಿನ ಕಿಟಕಿ ಗಾಳಿ ಬಡಿಯದ ಹಾಗೆ ನೋಡಿಕೊಳ್ಳಿ.

ನಿಮ್ಮ ಕಡೆ ಎಲೆಕೋಸು, ಹೂಕೋಸು ಧಾರಾಳ, ಅದರ ಎಲೆಗಳನ್ನು ಹಕ್ಕಿಗೆ ಹಾಕುವುದು ರೂಢಿ. ಈ ಹಕ್ಕಿಗೆ ಸದ್ಯ ನಿಲ್ಲಿಸಿ, ಆ ಜಾತಿಯ ಸೊಪ್ಪು ಜಾಸ್ತಿಯಾದರೆ ಥೈರಾಯ್ಡ್‌ಗೆ ಇನ್ನಷ್ಟು ಅಡ್ಡಿ. ಮುಂದಕ್ಕೆ ಅಯೋಡಿನ್ ಇದೆ ಅಂತ ಪೊಟ್ಟಣದ ಮೇಲೆ ಬರೆದಿರುವ ಮಿನರಲ್ ಬ್ಲಾಕ್ (ಹಕ್ಕಿ ಕೊಕ್ಕಿನಿಂದ ಕೆರೆದು ತಿನ್ನುವ ಖನಿಜದ ಗಟ್ಟಿ) ತಂದು ಪಂಜರಕ್ಕೆ ಸಿಕ್ಕಿಸಿ.

ಅಕ್ಕಾ, ನಮ್ಮ ಹೆಣ್ಣು ಬಡ್ಜಿ ಮಡಕೆಯಲ್ಲಿ ಮೇಲಿಂದ ಮೇಲೆ ಮೊಟ್ಟೆ ಇಡುತ್ತಿದೆ. ಈ ಸಲದ ಮೊಟ್ಟೆಗಳ ಸಿಪ್ಪೆ ಮೆತ್ತಗಿತ್ತು, ಎರಡು ಒಡೆದೇ ಹೋದವು. ಹೋದ ವರ್ಷ ಇನ್ನೊಂದು ಹೆಣ್ಣು ಮೊಟ್ಟೆ ಸಿಕ್ಕಿಕೊಂಡು ಸತ್ತುಹೋಯಿತು. ಇದನ್ನಾದರೂ ಉಳಿಸಿಕೊಳ್ಳಬೇಕು.
— ಪಿಯುಸಿ ವಿದ್ಯಾರ್ಥಿನಿ, ಕೋಲಾರ

ಮೊದಲು ಮಡಕೆ ತೆಗೆದುಬಿಡಮ್ಮ, ಇವತ್ತೇ. ಒಂದು ಸಲಕ್ಕೆ ನಾಲ್ಕರಿಂದ ಆರು ಮೊಟ್ಟೆ, ಅಷ್ಟಕ್ಕೂ ಸಿಪ್ಪೆ ಕಟ್ಟಲು ಬೇಕಾದ ಕ್ಯಾಲ್ಸಿಯಂ ಆ ಪುಟ್ಟ ಮೈಯಿಂದಲೇ ಬರಬೇಕು. ತಿನ್ನುವ ಕಾಳಿನಲ್ಲಿ ಇಲ್ಲದಿದ್ದರೆ ಮೂಳೆಯಿಂದ ಎಳೆದುಕೊಳ್ಳುತ್ತದೆ, ಮೂಳೆಯಲ್ಲೂ ಮುಗಿದಾಗ ಸಿಪ್ಪೆ ಮೆತ್ತಗಾಗುತ್ತದೆ. ಆಮೇಲೆ ಮೊಟ್ಟೆಯನ್ನು ಹೊರಗೆ ತಳ್ಳುವ ಸ್ನಾಯುವಿಗೂ ಶಕ್ತಿ ಸಾಲುವುದಿಲ್ಲ. ನಿನ್ನ ಹಿಂದಿನ ಹಕ್ಕಿಗೆ ಆಗಿದ್ದು ಬಹುಶಃ ಇದೇ. ವರ್ಷಕ್ಕೆ ಎರಡು ಸಲಕ್ಕಿಂತ ಹೆಚ್ಚು ಮರಿ ಮಾಡಿಸಬಾರದು. ಅಂಗಡಿಗೆ ಮರಿ ಮಾರುವವರು ವರ್ಷಪೂರ್ತಿ ಮಡಕೆ ಕಟ್ಟಿಟ್ಟಿರುವುದು ನೋಡಿದಾಗ ನನಗೆ ನಿಜಕ್ಕೂ ಸಂಕಟ ಆಗುತ್ತದೆ.

ಕ್ಯಾಲ್ಸಿಯಂಗೆ ನಮ್ಮ ಮನೆಯಲ್ಲೇ ಒಳ್ಳೆಯ ಕಾಳಿದೆ, ರಾಗಿ. 100 ಗ್ರಾಂ ರಾಗಿಯಲ್ಲಿ ಸುಮಾರು 340 ಮಿಲಿಗ್ರಾಂ ಕ್ಯಾಲ್ಸಿಯಂ ಇದ್ದರೆ ಅಷ್ಟೇ ನವಣೆಯಲ್ಲಿ 30ರ ಆಸುಪಾಸು. ಪೇಟೆಯಿಂದ ಬಣ್ಣದ ಪೊಟ್ಟಣ ತರುವ ನಾವು ಡಬ್ಬದಲ್ಲಿರುವ ರಾಗಿ ಮರೆತಿದ್ದೇವೆ, ಅಲ್ವಾ? ರಾತ್ರಿ ನೆನೆಸಿ, ಬೆಳಿಗ್ಗೆ ತೊಳೆದು, ಬಟ್ಟೆಯಲ್ಲಿ ಕಟ್ಟಿ, ಸಣ್ಣ ಮೊಳಕೆ ಬಂದ ಮೇಲೆ ಮತ್ತೆ ತೊಳೆದು ಒಂದು ಚಮಚ ಕೊಡು. ಎರಡು ಮೂರು ಗಂಟೆಯಲ್ಲಿ ಉಳಿದದ್ದನ್ನು ತೆಗೆದುಬಿಡು. ಹುಳಿ ವಾಸನೆ ಬಂದರೆ ಅಥವಾ ಬೂಷ್ಟು ಕಂಡರೆ ಪೂರ್ತಿ ಚೆಲ್ಲು. ಜೊತೆಗೆ ನುಗ್ಗೆಸೊಪ್ಪು ಇರಲಿ. ಪಾಲಕ್ ಅಪರೂಪಕ್ಕೆ ಸಾಕು, ಅದರಲ್ಲಿರುವ ಆಕ್ಸಲೇಟ್ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಂಡು ಮೈಗೆ ಸೇರಲು ಬಿಡುವುದಿಲ್ಲ. ಕಟಲ್‌ಬೋನ್ ಅನ್ನುವ, ಕಡಲಜೀವಿಯೊಂದರ ಬಿಳಿ ಚಿಪ್ಪು ಒಂದು ತಂದು ಮೆತ್ತಗಿನ ಬದಿ ಹಕ್ಕಿಯ ಕಡೆ ಬರುವ ಹಾಗೆ ಕಟ್ಟು. ಮೊಟ್ಟೆ ಸಿಪ್ಪೆಯನ್ನು ಹತ್ತು ನಿಮಿಷ ಕುದಿಸಿ, ಒಣಗಿಸಿ, ಪುಡಿ ಮಾಡಿ ಕೊಟ್ಟರೂ ನಡೆಯುತ್ತದೆ.

ಆದರೆ ಕ್ಯಾಲ್ಸಿಯಂ ಎಷ್ಟು ತಿಂದರೂ ವಿಟಮಿನ್ ಡಿ ಇಲ್ಲದೆ ಅದು ಮೈಗೆ ಹತ್ತುವುದಿಲ್ಲ. ಡಿ ಬೇಕಾದರೆ ಬಿಸಿಲು ನೇರವಾಗಿ ಮೈಮೇಲೆ ಬೀಳಬೇಕು. ಕಿಟಕಿ ಗಾಜಿನ ಹಿಂದೆ ಪಂಜರ ಇಟ್ಟರೆ ಬೆಳಕು ಬರುತ್ತದೆ, ಬೇಕಾದ ಕಿರಣ ಬರುವುದಿಲ್ಲ, ಗಾಜು ಅದನ್ನು ತಡೆದುಬಿಡುತ್ತದೆ. ಬೆಳಗಿನ ಎಳೆಬಿಸಿಲಿಗೆ ಇಪ್ಪತ್ತು ನಿಮಿಷ ಹೊರಗೆ ಇಡು, ಅರ್ಧ ಪಂಜರಕ್ಕೆ ನೆರಳಿರಲಿ, ನೀನು ಪಕ್ಕದಲ್ಲೇ ಇರು. ಬೆಕ್ಕು, ಕಾಗೆ, ಹದ್ದು ಒಂದು ಗಳಿಗೆ ಸಾಕು. ಬಾಯಿ ತೆರೆದು, ರೆಕ್ಕೆ ಅಗಲಿಸಿ ಏದುಸಿರು ಬಿಟ್ಟರೆ ತಕ್ಷಣ ಒಳಗೆ ತಗೋ.

ಹಕ್ಕಿ ಪಂಜರದ ತಳದಲ್ಲಿ ಪುಕ್ಕ ಉಬ್ಬಿಸಿ ಕೂತು, ತಿಣುಕುತ್ತಾ ಬಾಲ ಆಡಿಸುತ್ತಿದ್ದರೆ ಮೊಟ್ಟೆ ಸಿಕ್ಕಿಕೊಂಡಿದೆ ಅಂತ ತಿಳಿ. ಹೊಟ್ಟೆ ಒತ್ತಬೇಡ, ಎಣ್ಣೆ ಬಿಡಬೇಡ. ಒಳಗೆ ಮೊಟ್ಟೆ ಒಡೆದರೆ ಉಳಿಯುವುದು ಕಷ್ಟ. ಬೆಚ್ಚಗಿಟ್ಟು ಆ ಕೂಡಲೇ ವೈದ್ಯರ ಹತ್ತಿರ ಓಡು.

ಸೊಪ್ಪು ಕೊಡಿ ಅಂತ ಎಲ್ಲರೂ ಹೇಳುತ್ತಾರೆ. ನಮ್ಮ ಜೋಡಿ ಅದನ್ನು ಕಂಡರೆ ಪಂಜರದ ಆ ಮೂಲೆಗೆ ಹಾರುತ್ತವೆ. ಕಾಳು ತೆಗೆದು ಒಂದು ದಿನ ಉಪವಾಸ ಕೆಡವಿದರೆ ದಾರಿಗೆ ಬರುತ್ತವೆಯೇ?
— ಓದುಗರು, ತಿಪಟೂರು

ದಯವಿಟ್ಟು ಉಪವಾಸ ಕೆಡವಬೇಡಿ. ಇಷ್ಟು ಸಣ್ಣ ಮೈಯಲ್ಲಿ ಕೂಡಿಟ್ಟ ಶಕ್ತಿ ತುಂಬಾ ಕಡಿಮೆ, ಒಂದೆರಡು ದಿನ ತಿನ್ನದಿದ್ದರೆ ಸತ್ತೇ ಹೋಗಬಹುದು. ಹೊಸದು ಕಂಡರೆ ಹೆದರುವುದು ಅವುಗಳ ಸ್ವಭಾವ. ಹಟ ಅಲ್ಲ, ಭಯ.

ಬಡ್ಜಿಗಳಿಗೆ ಒದ್ದೆ ಎಲೆ ಅಂದರೆ ಇಷ್ಟ, ಅದರಲ್ಲಿ ಮೈ ಉಜ್ಜಿ ಸ್ನಾನ ಮಾಡುತ್ತವೆ. ಒಂದು ಹಿಡಿ ಕೊತ್ತಂಬರಿಯನ್ನು ಚೆನ್ನಾಗಿ ತೊಳೆದು, ನೀರು ಒದರದೆ ಹಾಗೇ, ಅವು ಕೂರುವ ಕೋಲಿನ ಹತ್ತಿರ ತಲೆಕೆಳಗಾಗಿ ಕಟ್ಟಿ. ಮೈ ಉಜ್ಜುತ್ತಾ ಉಜ್ಜುತ್ತಾ ಒಂದು ಎಲೆ ಕಚ್ಚುತ್ತವೆ. ಮೊದಲ ಕೆಲವು ದಿನ ಪಂಜರದ ಹೊರಗಡೆಯೇ ಕಟ್ಟಿದರೂ ಸರಿ, ಕಣ್ಣಿಗೆ ಅಭ್ಯಾಸ ಆಗಲಿ. ಬೆಳಿಗ್ಗೆ ಎದ್ದ ಕೂಡಲೇ ಹಸಿವು ಜಾಸ್ತಿ, ಆಗ ಮೊದಲು ಸೊಪ್ಪು, ಒಂದು ಗಂಟೆ ಬಿಟ್ಟು ಕಾಳು ಇಡಿ. ಕ್ಯಾರೆಟ್ ತುರಿಯ ಮೇಲೆ ಅವುಗಳ ಇಷ್ಟದ ನವಣೆ ಉದುರಿಸಿ ಇಡಿ, ಕಾಳು ಹೆಕ್ಕುವಾಗ ತುರಿಯೂ ಬಾಯಿಗೆ ಹೋಗುತ್ತದೆ. ಇವು ಹಿಂಡಿನ ಹಕ್ಕಿಗಳು, ಜೊತೆಯವರು ತಿಂದದ್ದನ್ನು ನೋಡಿ ತಿನ್ನುತ್ತವೆ. ಪಂಜರದ ಮುಂದೆ ಕೂತು ನೀವೇ ಒಂದು ಕ್ಯಾರೆಟ್ ಕಡಿಯಿರಿ. ಸುಮ್ನೆ ಹೇಳುತ್ತಿಲ್ಲ, ಇದು ಕೆಲಸ ಮಾಡುತ್ತದೆ. ಕೆಲವು ವಾರದಲ್ಲಿ ಒಪ್ಪುತ್ತವೆ, ಕೆಲವಕ್ಕೆ ತಿಂಗಳುಗಳೇ ಬೇಕು. ಪೆಲೆಟ್, ಅಂದರೆ ಹಕ್ಕಿಗೆಂದೇ ತಯಾರಿಸಿದ ಗುಳಿಗೆಯಂಥ ಆಹಾರ, ಕೊಳ್ಳುವ ಅನುಕೂಲ ಇದ್ದರೆ ಅದಕ್ಕೂ ಇದೇ ರೀತಿ, ಕಾಳಿಗೆ ಸ್ವಲ್ಪ ಸ್ವಲ್ಪವೇ ಬೆರೆಸುತ್ತಾ ಹೋಗಿ.

ಈ ಬದಲಾವಣೆ ನಡೆಯುವಾಗ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ದಿನವೂ ಒಂದೇ ಹೊತ್ತಿಗೆ ತೂಗಿ ಬರೆದಿಡಿ. 35 ಗ್ರಾಂ ಇದ್ದದ್ದು 32ಕ್ಕೆ ಇಳಿದರೆ ನಿಲ್ಲಿಸಿ ಮೊದಲಿನಂತೆ ಕಾಳು ಕೊಡಿ. ಪುಕ್ಕದೊಳಗೆ ಮೈ ಸೊರಗಿದ್ದು ಕಣ್ಣಿಗೆ ಗೊತ್ತಾಗುವುದಿಲ್ಲ. ಕಾಳಿನ ಬಟ್ಟಲನ್ನು ದಿನವೂ ಊದಿ ನೋಡಿ, ಹಕ್ಕಿ ಒಳಗಿನ ಕಾಳು ತಿಂದು ಹೊಟ್ಟನ್ನು ಅಲ್ಲೇ ಬಿಡುತ್ತದೆ. ಬಟ್ಟಲು ತುಂಬಿದೆ ಅಂತ ಮನೆಯವರು ಅಂದುಕೊಂಡಿರುತ್ತಾರೆ, ಇರುವುದು ಬರೀ ಹೊಟ್ಟು. ಹಾಗೆ ಹಸಿದು ಸತ್ತ ಹಕ್ಕಿಗಳಿವೆ. ಸೊಪ್ಪು ತಿಂದ ದಿನ ಹಿಕ್ಕೆಯ ಸುತ್ತ ನೀರು ಜಾಸ್ತಿ ಕಂಡರೆ ಗಾಬರಿ ಬೇಡ, ಅದು ಭೇದಿಯಲ್ಲ, ಮೂತ್ರ. ಹಿಕ್ಕೆಯ ಗಟ್ಟಿ ಭಾಗವೇ ನೀರಾಗಿದ್ದರೆ ಅಥವಾ ಅದರಲ್ಲಿ ಇಡೀ ಕಾಳುಗಳು ಹಾಗೇ ಬರುತ್ತಿದ್ದರೆ ತೋರಿಸಿ. ಚೆನ್ನಾಗಿ ತಿಂದೂ ಸೊರಗುವ ಹಕ್ಕಿಗೆ ಹೊಟ್ಟೆಯಲ್ಲಿ ಒಂದು ಬಗೆಯ ಶಿಲೀಂಧ್ರ ಇರುವುದುಂಟು, ಅದು ಯಾವ ಸೊಪ್ಪಿಗೂ ವಾಸಿಯಾಗುವುದಿಲ್ಲ.

ಕೊಕ್ಕಿನ ಪಕ್ಕ, ಮೂಗಿನ ಮೇಲೆ ಬೂದು ಬಣ್ಣದ ಚಕ್ಕೆ ಕಟ್ಟಿದೆ. ವಿಟಮಿನ್ ಕಡಿಮೆಯೇ?
— ಓದುಗರು, ಗೌರಿಬಿದನೂರು

ಹತ್ತಿರದಿಂದ ನೋಡಿ. ಚಕ್ಕೆಯಲ್ಲಿ ಜೇನುಗೂಡಿನ ಹಾಗೆ ಸಣ್ಣ ತೂತುಗಳಿದ್ದರೆ ಅದು ಕಜ್ಜಿಹುಳು, ಕೊರತೆಯಲ್ಲ. ವೈದ್ಯರು ಐವರ್ಮೆಕ್ಟಿನ್ ಹಾಕಿದರೆ ವಾಸಿಯಾಗುತ್ತದೆ. ದನಕ್ಕೆ ತಂದ ಐವರ್ಮೆಕ್ಟಿನ್ ಮನೆಯಲ್ಲಿದೆ ಅಂತ ನೀವೇ ಹಾಕಬೇಡಿ, ಒಂದು ಹನಿ ಹೆಚ್ಚಾದರೂ ಜೀವಕ್ಕೆ ಕುತ್ತು. ಸೀಮೆಎಣ್ಣೆಯೂ ಬೇಡ. ಇನ್ನು ಹೆಣ್ಣಿನ ಮೂಗಿನ ಪಟ್ಟಿ, ಅಂದರೆ ಕೊಕ್ಕಿನ ಬುಡದಲ್ಲಿ ಮೂಗಿನ ತೂತುಗಳಿರುವ ಭಾಗ, ಕಂದು ಬಣ್ಣವಾಗುವುದು ಸಹಜ, ಮೊಟ್ಟೆಗೆ ಬರುವಾಗ ಇನ್ನೂ ಗಾಢವಾಗುತ್ತದೆ. ದೊಡ್ಡ ಗಂಡಿನ ನೀಲಿ ಪಟ್ಟಿ ಕಂದು ಬಣ್ಣಕ್ಕೆ ತಿರುಗಿದರೆ ಮಾತ್ರ ತಡಮಾಡಬೇಡಿ, ವೃಷಣದ ಗಡ್ಡೆಗೆ ಅದು ಲಕ್ಷಣ.

ನಮ್ಮದು ಕಡಲೆಕಾಯಿ ಬೆಳೆಯುವ ಊರು. ಹಕ್ಕಿಗೂ ಹಾಕಬಹುದೇ? ಸೂರ್ಯಕಾಂತಿ ಬೀಜ?
— ಓದುಗರು, ಪಾವಗಡ

ಕಡಲೆಕಾಯಿ ಬೇಡ. ಸರಿಯಾಗಿ ಒಣಗದ ಕಾಯಿಗೆ ಹಿಡಿಯುವ ಬೂಷ್ಟಿನಲ್ಲಿ ಅಫ್ಲಾಟಾಕ್ಸಿನ್ ಅನ್ನುವ ವಿಷ ಇರುತ್ತದೆ, ಹಕ್ಕಿಯ ಯಕೃತ್ತನ್ನು ಹಾಳುಮಾಡುತ್ತದೆ. ಸೂರ್ಯಕಾಂತಿ ಬೀಜ ಕೈಯಿಂದ ಒಂದೆರಡು, ಅಕ್ಕರೆಗೆ. ಬಟ್ಟಲಿಗೆ ಸುರಿದರೆ ಅದನ್ನೇ ಹೆಕ್ಕಿ ತಿಂದು ಕೊಬ್ಬುತ್ತದೆ, ಯಕೃತ್ತಿನಲ್ಲಿ ಕೊಬ್ಬು ತುಂಬುತ್ತದೆ, ಕೊಕ್ಕು ಅಡ್ಡಾದಿಡ್ಡಿ ಬೆಳೆಯಲು ಶುರುವಾಗುತ್ತದೆ.

ಮಾವಿನ ಹಣ್ಣು, ಟೊಮೆಟೊ, ದ್ರಾಕ್ಷಿ ಕೊಡಬಹುದೇ? ನಮ್ಮಲ್ಲಿ ಇವೇ ಜಾಸ್ತಿ.
— ಓದುಗರು, ಶ್ರೀನಿವಾಸಪುರ

ಮಾವು ಧಾರಾಳವಾಗಿ ಕೊಡಬಹುದು. ಹಳದಿ-ಕಿತ್ತಳೆ ತಿರುಳಿನಲ್ಲಿ ಕ್ಯಾರೊಟಿನ್ ಚೆನ್ನಾಗಿದೆ. ಧಾರಾಳ ಅಂದರೆ ಹಕ್ಕಿಯ ಅಳತೆಗೆ, ಉಗುರಿನಷ್ಟು ತುಂಡು, ಸಿಪ್ಪೆ ತೆಗೆದು, ವಾರಕ್ಕೆ ಎರಡು ಮೂರು ಸಲ. ಟೊಮೆಟೊ ಹುಳಿ ಇರುವುದರಿಂದ ಅಪರೂಪಕ್ಕೆ ಸಾಕು, ಅದರ ಎಲೆ, ತೊಟ್ಟು, ಕಾಯಿ ವಿಷ. ದ್ರಾಕ್ಷಿಗೆ ಔಷಧಿ ಹೊಡೆಯುವುದು ಎಷ್ಟು ಅಂತ ನಿಮಗೇ ಗೊತ್ತು, ಸಿಪ್ಪೆ ಸುಲಿದು ಅರ್ಧ ಹಣ್ಣು ಕೊಡಿ. ಸೊಪ್ಪನ್ನೂ ಹರಿಯುವ ನೀರಲ್ಲಿ ಎರಡು ಮೂರು ಸಲ ತೊಳೆಯಿರಿ, ಹೊಡೆದು ದಿನ ಆಗದ ತೋಟದ್ದು ತರಲೇಬೇಡಿ. ಬೆಣ್ಣೆಹಣ್ಣು, ಚಾಕೊಲೇಟ್, ಈರುಳ್ಳಿ, ಬೆಳ್ಳುಳ್ಳಿ, ಕಾಫಿ, ಟೀ ಯಾವತ್ತೂ ಇಲ್ಲ. ಬೆಣ್ಣೆಹಣ್ಣಿನ ಸ್ವಲ್ಪ ತಿರುಳೂ ಬಡ್ಜಿಯನ್ನು ಕೊಲ್ಲಬಲ್ಲದು. ಮನೆಯಲ್ಲಿ ಮಕ್ಕಳಿದ್ದರೆ ಅವರಿಗೂ ಇದನ್ನು ಹೇಳಿಡಿ, ಹಕ್ಕಿಗೆ ತಿಂಡಿ ತಿನ್ನಿಸುವವರು ಸಾಮಾನ್ಯವಾಗಿ ಅವರೇ.